ಮರಿಯಮ್ಮನ ಕುತ್ತಿಗೆಯ ನೆರಳು

ನಮ್ಮ ಡ್ರಾಯಿಂಗ್ ಟೀಚರ ದನಿಯನ್ನು ನಾನು ಈಗಲೂ ತದ್ರೂಪು ತೆಗೆಯಬಲ್ಲೆ. ಮೂಗಿನಲ್ಲಿ ಹೊರಟು, ‘ನೆರಳು’ ಎನ್ನುವಾಗ ಮಾತ್ರ ಗಂಟಲಿಗೆ ಇಳಿಯುವ ದನಿ. ಶಾಲೆಯಲ್ಲಿ ನಾನು ಹೆಸರು ಮಾಡಿದ್ದು ಈ ಮಿಮಿಕ್ರಿಯಿಂದಲೇ, ಚಿತ್ರದಿಂದಲ್ಲ. ನಾನು ಬರೆದ ಹಸುವನ್ನು ಅವರು ಮಂಚವೆಂದು ತಿಳಿದು ಮಾರ್ಕು ಕೊಟ್ಟಿದ್ದರು. ಈಗ ಆ ದನಿ ತೆಗೆದರೆ ಗೆಳೆಯರು ನಗುತ್ತಾರೆ. ಬೈಯಲು ಅವರಿಲ್ಲ.

ನಾನು ಕಾಲೇಜು ಸೇರಿದ ವರ್ಷ ಅವರು ನಿವೃತ್ತರಾದರು. ಎರಡೇ ವರ್ಷದಲ್ಲಿ ಕಣ್ಣೂ ಹೋಯಿತು. ಶನಿವಾರ ಕೂಳೂರಿನಿಂದ ಬಸ್ಸು ಹಿಡಿದು ಅತ್ತಾವರದ ಅವರ ಮನೆಗೆ ಹೋಗಿ ಪೇಪರ್ ಓದುತ್ತಿದ್ದೆ. ದೇವಸ್ಥಾನದಲ್ಲಿ ಅರ್ಚಕರಾಗಿದ್ದ ನನ್ನ ಅಪ್ಪನ ಮಂತ್ರದ ರಾಗದಲ್ಲಿ ಸಿನಿಮಾ ಜಾಹೀರಾತು ಓದಿದರೆ ಟೀಚರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಒಂದು ಶನಿವಾರ ಪ್ರಾರ್ಥನೆಯ ಪುಸ್ತಕದೊಳಗಿನಿಂದ ಅಂಗೈಯಗಲದ ಚಿತ್ರವೊಂದನ್ನು ತೆಗೆದರು: ಪುಸ್ತಕ ಓದುತ್ತಿರುವ ಯೇಸುವಿನ ತಾಯಿ ಮರಿಯಮ್ಮನಿಗೆ, ಮಗು ಹುಟ್ಟುವ ಸುದ್ದಿ ತಂದ ದೇವದೂತ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಇವರಿಗೆ ಬಂದದ್ದು. ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಯಾರೋ ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಶಾಯಿ ತುಂಬಿ ಒತ್ತಿದ್ದಂತೆ.

“ಮರಿಯಮ್ಮ ಎಲ್ಲಿ ನೋಡ್ತಾಳೆ ಹೇಳು. ದೇವದೂತನನ್ನಾ, ಪುಸ್ತಕವನ್ನಾ? ನೆನಪೇ ಆಗುವುದಿಲ್ಲ ಮಾರಾಯ.”

“ಇಷ್ಟು ವರ್ಷ ನೀವು ಎಂತ ನೋಡಿದ್ದು ಟೀಚರ್?”

“ನೋಡಿದ್ದೆಲ್ಲಿ? ಪ್ರಾರ್ಥನೆ ಆದ ಮೇಲೆ ಮುತ್ತು ಕೊಡ್ತಿದ್ದೆ. ಮುತ್ತು ಕೊಡುವಾಗ ಕಣ್ಣು ಮುಚ್ತೇವಲ್ಲ!”

ನೋಡಿದೆ. ಮುಖವೇ ಇರಲಿಲ್ಲ. ಮೂರು ತಲೆಮಾರಿನ ತುಟಿಗಳು ಉಜ್ಜಿ ಉಜ್ಜಿ ಅಲ್ಲಿ ಬರೀ ಬಿಳಿ ಉಳಿದಿತ್ತು. ನಗುವ ಯೋಗ್ಯತೆ ನನಗೂ ಇರಲಿಲ್ಲ. ನಮ್ಮ ಮನೆಯ ಕೃಷ್ಣನ ಪಟಕ್ಕೆ ದಿನಾ ಗಂಧ ಹಚ್ಚಿ ಹಚ್ಚಿ, ಕಾಣುವುದು ಕೊಳಲು ಮಾತ್ರ.

“ದೂತನನ್ನೇ!” ಎಂದೆ, ರೇಡಿಯೋದವರ ದನಿಯಲ್ಲಿ.

“ಹಾಗಾದರೆ ಕುತ್ತಿಗೆಯ ನೆರಳು ಯಾವ ಬದಿಗೆ ಉಂಟು?”

ಸಿಕ್ಕಿಬಿದ್ದೆ. “ಟೀಚರ್, ಮುಖ ಇಲ್ಲ. ಸವೆದು ಹೋಗಿದೆ.” ಈ ಸಲ ಬಂದದ್ದು ನನ್ನದೇ ದನಿ, ನನಗೇ ಅಪರಿಚಿತವೆನಿಸಿತು.

ಅವರು ಕೈಚಾಚಿ ಚಿತ್ರವನ್ನು ಒಮ್ಮೆ ಸವರಿದರು. ಆಮೇಲೆ, “ಕುತ್ತಿಗೆ ಉಂಟಲ್ಲ? ಅದರಿಂದ ಹೇಳು. ಕಥೆ ಬೇಡ, ಗೆರೆ ಹೇಳು” ಎಂದರು.

ಹೇಳಿದೆ. ಬಲಗಡೆ ಮೇಲ್ಮೂಲೆಯಲ್ಲಿ ದೂತ. ಅವನ ಬೆನ್ನ ಹಿಂದಿನಿಂದ ಬೆಳಕು ಓರೆಯಾಗಿ ಇಳಿಯುತ್ತದೆ, ಅಲ್ಲಿ ಗೆರೆಗಳು ತೆಳು, ಬಿಡಿ ಬಿಡಿ. ಮರಿಯಮ್ಮ ಮೊಣಕಾಲೂರಿದ್ದಾಳೆ. ಮುಸುಕಿನ ನೆರಿಗೆಗಳೆಲ್ಲ ಎಡಕ್ಕೆ, ಪುಸ್ತಕದ ಕಡೆಗೆ ಜಾರುತ್ತವೆ. ಅಲ್ಲಿ ಗೆರೆಯ ಮೇಲೆ ಗೆರೆ ಹಾಯ್ದು ಬೆಂಗ್ರೆಯ ಮೀನುಗಾರರ ಬಲೆಯಷ್ಟು ದಟ್ಟ. ಹೆಗಲೂ ಪುಸ್ತಕದ ಕಡೆಗೇ. ಆದರೆ ಕುತ್ತಿಗೆಯಲ್ಲಿ ಒಂದು ನರ ಸ್ವಲ್ಪವೇ ಉಬ್ಬಿದೆ, ಅದರ ಪಕ್ಕ ನಾಲ್ಕೇ ಬಾಗಿದ ಗೆರೆಯ ನೆರಳು.

“ಎಷ್ಟು ಉಬ್ಬಿದೆ?”

ಬಾಯಲ್ಲಿ ಹೇಳಲಾಗಲಿಲ್ಲ. ನನಗೆ ಬರುವ ವಿದ್ಯೆ ಒಂದೇ. ನೆಲದ ಮೇಲೆ ಮೊಣಕಾಲೂರಿ, ಕೈಯಲ್ಲಿ ಪೇಪರ್ ಹಿಡಿದು, ಮರಿಯಮ್ಮನ ಹಾಗೆ ಹೆಗಲು ಬಾಗಿಸಿದೆ. ಟೀಚರು ತಡವುತ್ತ ಬಂದು ನನ್ನ ಕುತ್ತಿಗೆಗೆ ಬೆರಳಿಟ್ಟರು. ಚಿತ್ರದಲ್ಲಿದ್ದಷ್ಟೇ ನರ ಉಬ್ಬುವವರೆಗೆ ನಿಧಾನ ತಲೆ ತಿರುಗಿಸಿದೆ. ತಲೆ ಅಲ್ಲಿ ನಿಂತಾಗ ಪೇಪರ್ ಕಾಣಲಿಲ್ಲ. ದೂತನಿರಬೇಕಾದ ಮೂಲೆಯೂ ಕಾಣಲಿಲ್ಲ.

“ಎರಡೂ ಅಲ್ಲ ಟೀಚರ್. ದೂತನ ದನಿ ಕೇಳಿಸಿದೆ. ಇನ್ನೂ ನೋಡಿಲ್ಲ.”

“ಇನ್ನೂ ನೋಡಿಲ್ಲ,” ಎಂದರು ಅವರೂ. ಬೆರಳು ಕುತ್ತಿಗೆಯಿಂದ ಗಲ್ಲಕ್ಕೆ, ಗಲ್ಲದಿಂದ ರೆಪ್ಪೆಗೆ ಏರಿತು. “ಸ್ವಲ್ಪ ಹೊತ್ತು ಹೀಗೇ ಇರು.”

ಒಂದು ನಿಮಿಷ ಒಂದೇ ಮುಖ ಹೊತ್ತು ಕೂತವನಲ್ಲ ನಾನು. ಇದ್ದೆ.