ತಮ್ಮ ದನಿಯೊಂದನ್ನು ಬಿಟ್ಟು

ಹಾಡಿದವರನ್ನು ಲೋಕ ನೆನೆಯುತ್ತದೆ; ಹಾಡನ್ನು ಹಿಡಿದಿಟ್ಟವರನ್ನು ನೆನೆಯುವ ರೂಢಿ ಕಡಿಮೆ. ಧ್ವನಿಮುದ್ರಣದ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು ಈಗ ನಿವೃತ್ತರಾಗುತ್ತಿರುವ, ನಾವೆಲ್ಲ ‘ಕಿವಿಯಮ್ಮ’ ಎಂದೇ ಕರೆಯುತ್ತ ಬಂದಿರುವ ಹಿರಿಯರಿಗೆ ಈ ಅಭಿನಂದನ ಸಂಪುಟ ಸಲ್ಲುತ್ತಿರುವುದು ಆ ಕೊರತೆಯನ್ನು ಕೊಂಚ ತುಂಬಲೆಂದು. ಗಾಯಕಿಯರ ದನಿಯನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲವೆಂದು ಬರೆಯಲು ಈ ಲೇಖಕಿ ಲೇಖನಿ ಹಿಡಿದೇ ಕುಳಿತಿದ್ದಳು. ಕಳೆದ ವಾರದವರೆಗೆ ಆ ಮಾತಿನಲ್ಲಿ ಅವಳಿಗೆ ಗೊಂದಲವೇನೂ ಇರಲಿಲ್ಲ.

ಲೇಖಕಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಿವಿಯಮ್ಮನವರಿಂದ ಕಲಿತ ಮೊದಲ ಪಾಠ ಯಂತ್ರದ್ದಲ್ಲ, ಮರ್ಯಾದೆಯದು. ಗಾಯಕಿ ಬರುವ ಮುನ್ನ ತಾವೇ ಮೈಕಿನ ಮುಂದೆ ನಿಂತು, ಅದೇ ಹಾಡನ್ನು ಅದೇ ಧಾಟಿಯಲ್ಲಿ ಹಾಡಿ, ದನಿಯ ಮಟ್ಟ ತೋರುವ ಮಾಪಕದ ಸೂಜಿ ಎಲ್ಲಿಯವರೆಗೆ ಏರುತ್ತದೆಂದು ನೋಡಿಸುತ್ತಿದ್ದರು. “ನಮ್ಮ ಸೂಜಿ ಸರಿಮಾಡೋಕೆ ಅವರ ಗಂಟಲು ಯಾಕೆ ಸವೀಬೇಕು?” ಎನ್ನುತ್ತಿದ್ದರು. ಆ ಪರೀಕ್ಷೆಯ ಹಾಡನ್ನು ಅವರು ಒಮ್ಮೆಯೂ ತಿರುಗಿ ಕೇಳಿದವರಲ್ಲ. ಗಾಯಕಿಯ ಹಾಡು ಅದರ ಮೇಲೆಯೇ ಮುದ್ರಣವಾಗಿ ಅದು ಅಳಿಸಿಹೋಗುತ್ತಿತ್ತು. ನಡುಗುತ್ತ ಬಂದ ಎಷ್ಟೋ ಹೊಸಬರು ಈ ಒಂದು ಉಪಕಾರದಿಂದ ಗೆದ್ದರು.

ಯಾವ ಗಾಯಕಿಯ ದನಿ ನಿಮಗೆ ಇಷ್ಟ, ಏಕೆ ಇಷ್ಟ ಎಂದು ಕೇಳಿದರೆ ಮಾತ್ರ ಅವರ ಉತ್ತರ ದಿನಕ್ಕೊಂದು. ಒಬ್ಬರ ದನಿ ತಾರಸ್ಥಾಯಿಯಲ್ಲಿ ಕೂದಲೆಳೆಯಷ್ಟು ಒಡೆಯುತ್ತದೆ, ಆ ಒಡಕೇ ಚೆಂದ ಎನ್ನುವರು. ಮರುದಿನ, ಒಲೆಯ ಮೇಲೆ ಹಾಲಿಟ್ಟು ಬಂದವರ ಹಾಗೆ ಸಾಲಿನ ಕೊನೆಯನ್ನು ಬೇಗ ನುಂಗುವ ಇನ್ನೊಬ್ಬರೇ ಸರಿ ಎನ್ನುವರು. ಆದರೆ ತಾವು ‘ಅಕ್ಕ’ ಎಂದು ಕರೆಯುತ್ತಿದ್ದ ಹಿರಿಯ ಗಾಯಕಿಯ ಮಾತು ಬಂದರೆ ವಾದವೇ ಇಲ್ಲ. “ಅಕ್ಕ ಹಾಡೋಕೆ ಮುಂಚೆ ಉಸಿರು ತಗೋತಾರಲ್ಲ, ಏನೋ ಹೇಳೋಕೆ ಹೋಗಿ ಬೇಡ ಅಂದ್ಕೊಂಡ ಹಾಗೆ, ಅಲ್ಲೇ ನಂಗೆ ಕಣ್ಣು ತುಂಬುತ್ತೆ.”

ಆ ಅಕ್ಕ ತೀರಿಕೊಂಡ ಮೇಲೆ ಅವರ ಮಗಳು ನಮ್ಮಲ್ಲಿಗೆ ಬಂದರು. ಅಮ್ಮ ತನಗೆ ಹಾಡುತ್ತಿದ್ದ ಜೋಗುಳವನ್ನು ಇಲ್ಲಿ ಒಮ್ಮೆ ಹಾಡಿದ್ದರಂತೆ, ಸಿಕ್ಕೀತೇ ಎಂದು ಕೇಳಿದರು. ಅಕ್ಕನ ಹೆಸರಿದ್ದ ಡಬ್ಬಿಯಿಂದ ಕಿವಿಯಮ್ಮನವರೇ ಟೇಪು ಹುಡುಕಿ, ಉಸಿರು ಕೇಳಿದೊಡನೆ “ಅಕ್ಕನೇ!” ಎಂದು ಹಾಡಿನಷ್ಟು ಭಾಗದ ಪ್ರತಿ ಮಾಡಿಕೊಟ್ಟರು. ಮಗಳು ಹೆಡ್‌ಫೋನ್ ತೆಗೆಯದೆ ಅತ್ತರು. ಅಂದಿನಿಂದ ಅದನ್ನು ಕೇಳದೆ ಅವರಿಗೆ ನಿದ್ದೆ ಹತ್ತದು.

ಕಳೆದ ವಾರ, ಬೀಳ್ಕೊಡುಗೆ ಸಮಾರಂಭದಲ್ಲಿ ಕೇಳಿಸಲೆಂದು ಲೇಖಕಿ ಆ ಮೂಲ ಟೇಪನ್ನೇ ಹಾಕಿದಳು. ಜೋಗುಳ ಮುಗಿಯಿತು. ನಿಲ್ಲಿಸುವುದನ್ನು ಮರೆತಳು. ಒಂದು ಕೆಮ್ಮು, ಆಮೇಲೆ ಹಾಡಿದ ಅದೇ ದನಿಯಲ್ಲಿ ಮಾತು: “ಸೂಜಿ ಸರಿ ಇದೆಯಾ? ಮೈಕ್ ಸ್ವಲ್ಪ ಇಳಿಸಿ, ಅಕ್ಕ ಕುಳ್ಳಿ.” ಅಷ್ಟರಲ್ಲಿ ಬಾಗಿಲ ಸದ್ದು, ಅಕ್ಕ ಗಂಟಲು ಕಟ್ಟಿದೆಯೆಂದು ಪಿಸುಗುಟ್ಟಿ ಹಾಡದೆಯೇ ಹೊರಟುಹೋದದ್ದೂ ಕೇಳಿಸಿತು. ಅಂದರೆ ಅಳಿಸಿಹೋಗಬೇಕಿದ್ದ ಕಿವಿಯಮ್ಮನವರ ಪರೀಕ್ಷೆಯ ಹಾಡೇ ಉಳಿದುಬಿಟ್ಟಿತ್ತು.

ಲೇಖಕಿ ಟೇಪು ನಿಲ್ಲಿಸಿದಳು. ಹೇಳಿದರೆ ಮಗಳ ನಿದ್ದೆ ಹೋಯಿತು, ಹೇಳದಿದ್ದರೆ ತನ್ನದು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಕಿವಿಯಮ್ಮನವರಿಗೇ ಕೇಳಿಸಿದಳು.

“ಇದು ನಾನಾ?” ಎಂದರು ಅವರು. “ಛೇ, ನನ್ನ ಗಂಟಲು ಹೀಗೆಲ್ಲಿದೆ?” ಮತ್ತೆ ಹಾಕಿಸಿದರು, ಮತ್ತೆ ತಲೆಯಾಡಿಸಿದರು. ದೀಪದ ಬುಡದಲ್ಲೇ ಕತ್ತಲೆ ಎಂಬುದು ಸುಳ್ಳಲ್ಲ: ಜಗತ್ತಿನ ದನಿಗಳನ್ನೆಲ್ಲ ಗುರುತಿಸುವವರು ತಮ್ಮದೊಂದನ್ನು ಅರಿಯರು. ಮೂರನೆಯ ಸಲ ಕೊನೆಯ ಮಾತಿನವರೆಗೂ ಕೇಳಿ, ಚಪ್ಪಲಿ ಮೆಟ್ಟಿ, “ನಡಿ, ಆ ಹುಡುಗಿಗೆ ನಾನೇ ಹೇಳ್ಬೇಕು” ಎಂದರು.

ಮಗಳು ಎಲ್ಲವನ್ನೂ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. “ಹಾಗಾದ್ರೆ ಇಷ್ಟು ದಿನ ನಾನು ಅತ್ತಿದ್ದು ಯಾರಿಗೆ ಚಿಕ್ಕಮ್ಮ?”

“ನಂಗೂ ತಿಳೀತಿಲ್ಲ ಕಣಮ್ಮ. ಹಿಂದಿನ ದಿನದ ತಾಲೀಮಲ್ಲಿ ನಿಮ್ಮಮ್ಮ ಹಾಡಿದ್ದನ್ನ ಕೇಳಿ ಕಲಿತಿದ್ದೆ. ಉಸಿರು ಸಮೇತ ಕಲಿತುಬಿಟ್ಟಿದ್ದೆ ಅನ್ಸುತ್ತೆ.”

“ಇಲ್ಲ, ಕೊನೇ ಸಾಲು ಅಮ್ಮ ಹೀಗೆ ಹಾಡ್ತಿರಲಿಲ್ಲ,” ಎಂದು ಮಗಳು ಜಗಳಕ್ಕೆ ಬಂದವರಂತೆ ಉಸಿರೆಳೆದುಕೊಂಡು ಆ ಸಾಲನ್ನು ಹಾಡಿ ತೋರಿಸಿದರು. ಅವರು ಗಾಯಕಿಯಲ್ಲ, ಶ್ರುತಿ ಎಲ್ಲೋ ಹೋಯಿತು. ಕಿವಿಯಮ್ಮನವರು ಕಣ್ಣು ಮುಚ್ಚಿದ್ದರು. “ಅಕ್ಕ...” ಎಂದವರು ತಟ್ಟನೆ ಕಣ್ಣು ಬಿಟ್ಟು, ಪೆಚ್ಚಾಗಿ ಲೇಖಕಿಯತ್ತ ನೋಡಿದರು. “ಇದು ಅಕ್ಕನ ಉಸಿರು ಅಂತ ಇನ್ಮೇಲೆ ನಾನು ಹೇಳಿದ್ರೆ ಯಾರು ನಂಬ್ತಾರೆ?” ಮಗಳು ಅಳುತ್ತಲೇ ನಕ್ಕು, “ನಾನು ನಂಬ್ತೀನಿ” ಎಂದರು. ತಮ್ಮ ಬಳಿಯಿದ್ದ ಪ್ರತಿಯನ್ನು ಮಾತ್ರ ಹಿಂದಿರುಗಿಸಲಿಲ್ಲ.

ಹೆಣ್ಣುದನಿಯೊಂದು ಏಕೆ ಕರುಳು ಕಿವುಚುತ್ತದೆ, ಅದು ಹಾಡುವವರದೋ, ಅವರಿಗೆ ಕಲಿಸಿದವರದೋ, ಕೇಳುವವರು ಕಳೆದುಕೊಂಡವರದೋ? ಈ ಲೇಖಕಿಗೆ ಈಗ ಏನೂ ತಿಳಿಯದು, ಮೂಲ ಟೇಪಿನ ಡಬ್ಬಿಯ ಮೇಲೆ ಯಾರ ಹೆಸರು ಬರೆಯಬೇಕೆಂಬುದೂ ತಿಳಿಯದು. ಪೂಜ್ಯ ಕಿವಿಯಮ್ಮನವರು ಆರೋಗ್ಯದಿಂದ ನೂರ್ಕಾಲ ಬಾಳಲಿ, ಹೊಸ ಗಾಯಕಿಯರಿಗಾಗಿ ಮೈಕಿನ ಮುಂದೆ ನಿಲ್ಲಲು ಆಗಾಗ ಬರುತ್ತಿರಲಿ. ಬಂದಾಗ ಒಂದೇ ಕೋರಿಕೆ: ಹಾಡಿದ ಮೇಲೆ ಈ ಸಲ ಕುಳಿತು ಕೇಳಬೇಕು. ಅಳಿಸಲು ನಾವು ಬಿಡುವುದಿಲ್ಲ.