ನೀರು ಕಾಣದ ಗೋಡೆ

ಇವತ್ತಿಗೂ ಎಲ್ಲಾದರೂ ಸೈರನ್ ಕೇಳಿದರೆ ನಾನು ಮನೆಯಿಂದ ಹೊರಗೆ ಬಂದುಬಿಡುತ್ತೇನೆ. ಮಗಳು ನಗುತ್ತಾಳೆ. ಆಗ ತೊಟ್ಟಿಲಲ್ಲಿದ್ದವಳು ಅವಳೇ, ಅವಳಿಗೇನು ಗೊತ್ತು.

ಸಂಡೂರಿನ ಗಣಿಗಳು ಜೋರಾಗಿ ನಡೆಯುತ್ತಿದ್ದ ಕಾಲ. ನಾನೂ ನನ್ನ ಗಂಡನೂ ಯಶವಂತನಗರದ ಹತ್ತಿರ ತಾಡಪಾಲಿನ ಗುಡಿಸಲಲ್ಲಿದ್ದು ಅದಿರು ಒಡೆಯುವ ಕೂಲಿಗೆ ಹೋಗುತ್ತಿದ್ದೆವು. ಹೊಸಪೇಟೆಯ ಕೆಲವು ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರೊಬ್ಬರು ಸೇರಿ ನಮ್ಮಂಥ ಹನ್ನೆರಡು ಸಂಸಾರಕ್ಕೆ ಮನೆ ಕಟ್ಟಿಸಲು ನಿಂತರು. ಭಾನುವಾರ ಬಂದು ಬಿಡಿಗಾಸೂ ಮುಟ್ಟದೆ ಇಟ್ಟಿಗೆ ಹೊರುತ್ತಿದ್ದರು. ಉಳಿದ ದಿನ ಕಟ್ಟುವ ಕೆಲಸ ನಮ್ಮದು. ಅವರದು ಒಂದೇ ಕರಾರು: ಯಾವ ಮನೆ ಯಾರಿಗೆಂದು ಮೊದಲೇ ಹೇಳುವುದಿಲ್ಲ, ಎಲ್ಲ ಮುಗಿದ ಮೇಲೆ ಚೀಟಿ ಎತ್ತುವುದು. ಹಾಗಾದರೆ ಎಲ್ಲರೂ ಪ್ರತಿ ಮನೆಯನ್ನೂ ತಮ್ಮದೆಂದೇ ಕಟ್ಟುತ್ತಾರೆ ಅಂತ ಅವರ ನಂಬಿಕೆ. ಪಾಪ, ನಮ್ಮನ್ನು ತೀರಾ ಒಳ್ಳೆಯವರೆಂದು ತಿಳಿದಿದ್ದರು.

ಹೊಸ ಗೋಡೆಗೆ ವಾರವಿಡೀ ನೀರು ಹೊಡೆಯಬೇಕು, ಇಲ್ಲದಿದ್ದರೆ ಸಿಮೆಂಟು ಗಟ್ಟಿಯಾಗುವುದಿಲ್ಲ. ಕೊನೆಯ ಮನೆಯ ಹಿಂದಿನ ಗೋಡೆ ನನ್ನ ಪಾಲಿಗೆ ಬಂದಿತ್ತು. ಉರಿಬಿಸಿಲು, ತೊಟ್ಟಿ ದೂರ, ಸಂಜೆಗೆ ನನ್ನ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ. ಆ ವಾರ ಹನಿ ನೀರೂ ಹಾಕಲಿಲ್ಲ. ಭಾನುವಾರ ಅವರ ವ್ಯಾನು ಬರುವ ಮುಂಚೆ ನಾಲ್ಕು ಕೊಡ ಎರಚಿ, ಸಾಧುವಿನ ಹಾಗೆ ನಿಂತೆ. ಮೇಷ್ಟ್ರು ಗೋಡೆ ಮುಟ್ಟಿ ನೋಡಿ ಭೇಷ್ ಅಂದರು.

ಚೀಟಿಯಲ್ಲಿ ಆ ಮನೆ ನಮ್ಮ ಪಕ್ಕದ ಗುಡಿಸಲಿನ ಅಕ್ಕನಿಗೆ ಹೋಯಿತು. ಗಂಡ ಸತ್ತವಳು, ಎರಡು ಸಣ್ಣ ಮಕ್ಕಳು. ಅದರ ಪಕ್ಕದ ಮನೆ ನಮಗೆ ಬಂತು.

ನನಗೆ ಹೆರಿಗೆಯಾಯಿತು, ಮನೆಯಲ್ಲೇ ಉಳಿದೆ. ದಿನಾ ಮಧ್ಯಾಹ್ನ ಸೈರನ್ ಕೂಗಿ ಗಣಿಯಲ್ಲಿ ಬಂಡೆ ಸಿಡಿಸುತ್ತಿದ್ದರು. ಗುಡಿಸಲಲ್ಲಿದ್ದಾಗ ಆ ಸದ್ದಿಗೆ ಕಿವಿಗೊಟ್ಟವಳೇ ಅಲ್ಲ. ಈಗ ಸೈರನ್ ಕೂಗಿದೊಡನೆ ಬಾಗಿಲಿಗೆ ಬರುತ್ತಿದ್ದೆ. ನೆಲ ಅದುರಿದ ಮೇಲೆ ಅಕ್ಕನ ಮಕ್ಕಳ ದನಿ ಕೇಳುವವರೆಗೆ ಒಳಗೆ ಹೋಗುತ್ತಿರಲಿಲ್ಲ. ಮಳೆಗಾಲ ಕಳೆದಾಗ ಆ ಗೋಡೆಯಲ್ಲಿ ಉಗುರು ಹೋಗುವಷ್ಟು ಬಿರುಕು ಕಂಡಿತು.

ಮರುದಿನ ಕೂಸನ್ನು ಮಲಗಿಸಿ ಅವಳ ಮನೆಗೆ ಹೋದೆ. ರೊಟ್ಟಿ ತಟ್ಟುತ್ತಿದ್ದಳು.

"ಅಕ್ಕಾ, ಮಕ್ಕಳನ್ನ ಆ ಗ್ವಾಡಿ ಕಡೆ ಮಲಗಿಸಬ್ಯಾಡ. ಅದಕ್ಕ ನಾ ನೀರು ಹೊಡದಿಲ್ಲ. ಸುಳ್ಳು ಹೇಳಿದ್ನಿ."

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವಳು ಬೈಯಲಿಲ್ಲ. ತಟ್ಟುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು.

"ನಿನ್ನ ಕೂಸಿನ ತೊಟ್ಲಾ ಎಲ್ಲೈತವ್ವಾ?"

"ಅಡಗಿಮನಿ ಗ್ವಾಡಿ ಮಗ್ಗಲಕ."

"ಅಲ್ಲಿಂದ ತಗಿ, ಜಲ್ದಿ. ಆ ಗ್ವಾಡಿ ನನ್ನ ಪಾಲಿಂದು. ನಾನೂ ಹೊಡದಿಲ್ಲ."

ಅಷ್ಟರಲ್ಲಿ ಸೈರನ್ ಕೂಗಿತು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅಕ್ಕ ಹಿಟ್ಟಿನ ಕೈಯಲ್ಲೇ ನನಗಿಂತ ಮುಂದೆ ನನ್ನ ಮನೆಯ ಕಡೆ ಓಡುತ್ತಿದ್ದಳು.