ಕಮಿಷನರಿಗೆ ಅಭಿನಂದನೆ, ಕೋಡಿಂಬಾಳದ ಕಡೆಯಿಂದ

ನಮ್ಮ ಕಡೆಯ ಮನೆಗಳ ಕಪಾಟು ತೆರೆದಾಗ ಸೀರೆಗಿಂತ ಮೊದಲು ಶಾಲುಗಳೇ ಮೈಮೇಲೆ ಬಿದ್ದರೆ ನೀವು ಗಾಬರಿಯಾಗಬೇಡಿ, ಮಾರಾಯ್ರೆ. ಪುತ್ತೂರು, ಸುಳ್ಯ, ಕಡಬದ ಮಂದಿ ನಾವು. ಸನ್ಮಾನವಿಲ್ಲದೆ ನಮಗೆ ಯಾವ ಸಮಾರಂಭವೂ ಮುಗಿದಂತೆ ಅನ್ನಿಸುವುದಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಪುಣ್ಯಕ್ಕೆ ನನಗೂ ಸಾಕಷ್ಟು ಶಾಲುಗಳು ಬಂದಿವೆ. ಒಂದು ಮಿಕ್ಸಿಯನ್ನು ಧೂಳಿನಿಂದ ಕಾಯುತ್ತಿದೆ, ಇನ್ನೊಂದನ್ನು ಹೊಲಿಗೆ ಮೆಷಿನ್ ಹೊದ್ದುಕೊಂಡಿದೆ, ಜರಿಯಂಚಿನ ಅತ್ಯುತ್ತಮವಾದುದನ್ನು ಬೆಕ್ಕು ತನ್ನ ಬಾಣಂತನಕ್ಕೆಂದು ಆರಿಸಿಕೊಂಡಿತು. ಶಾಲಿಗೆ ಮುಂಚೆ ಅಭಿನಂದನಾ ನುಡಿ ಎಂಬುದೊಂದಿದೆ. ಆ ಹತ್ತು ನಿಮಿಷ ಕುರ್ಚಿಯಲ್ಲಿ ಕುಳಿತವರಿಗೆ ದೋಷವೆಂಬುದೇ ಇರಬಾರದು; ಸಿಡುಕರು ನೇರ ನುಡಿಯವರಾಗುತ್ತಾರೆ, ಜಿಪುಣರು ಸರಳಜೀವಿಗಳಾಗುತ್ತಾರೆ. ಹೀಗೆ ಎಷ್ಟೋ ಮಂದಿಯನ್ನು ನಾನೇ ಮಾತಿನಲ್ಲಿ ತೊಳೆದು ಒಣಗಿಸಿ ಕೊಟ್ಟಿದ್ದೇನೆ.

ಈ ಸಲ ಕರೆ ಬಂದದ್ದು ಕಮಿಷನರಿಗೆ ಅಭಿನಂದನೆ ನುಡಿಯಲು. ಪೊಲೀಸು ಕಮಿಷನರಲ್ಲ, ಹೆದರಬೇಡಿ. ಕೆದಂಬಾಡಿಯ ರೈಗಳು, ನಮ್ಮ ಮೂರು ತಾಲೂಕುಗಳ ವಾಲಿಬಾಲ್ ಲೀಗನ್ನು ಎರಡು ದಶಕದ ಹತ್ತಿರ ಆಳಿದವರು. ಆಟಗಾರರನ್ನು ಹರಾಜು ಕೂಗಿ ತಂಡ ಕಟ್ಟುವ ಪದ್ಧತಿಯನ್ನು ಅವರು ತಂದ ವರ್ಷ, ಅಮೆರಿಕದ ಬಾಸ್ಕೆಟ್‌ಬಾಲನ್ನು ಟೀವಿಯಲ್ಲಿ ನೋಡುತ್ತಿದ್ದ ಯಾರೋ ಒಬ್ಬರು, ಅಲ್ಲಿ ಹೀಗೆ ಲೀಗು ನಡೆಸುವವರನ್ನು ಕಮಿಷನರ್ ಎನ್ನುತ್ತಾರೆ ಎಂದರು. ಹೆಸರು ಅಂಟಿಕೊಂಡಿತು. ಈಗ ಮಂಡಿನೋವು ಬಂದು ಹುದ್ದೆ ಬಿಟ್ಟಿದ್ದಾರೆ, ಬೇರೆಯವರು ಬಂದಿದ್ದಾರೆ.

ಅವರ ಬಗ್ಗೆ ಮಾತಾಡಲು ನನಗಿಂತ ಯೋಗ್ಯರಿಲ್ಲ, ನನಗಿಂತ ಅಯೋಗ್ಯರೂ ಇಲ್ಲ. ಗಂಡಸರ ಗಂಟಲೇ ಮೊಳಗುತ್ತಿದ್ದ ಮೈದಾನದಲ್ಲಿ ವೀಕ್ಷಕ ವಿವರಣೆಯ ಮೈಕನ್ನು ನನ್ನ ಕೈಗೆ ಕೊಟ್ಟವರು ರೈಗಳು. “ಟೀಚರ್, ನೀವು ಆಟ ನೋಡುವಾಗ ಬಾಯಿ ಸುಮ್ಮನಿರುದಿಲ್ಲ, ಅದನ್ನೇ ಮೈಕಿನಲ್ಲಿ ಹೇಳಿ” ಎಂದಿದ್ದರು. ಆದರೆ ನನ್ನ ತವರು ಕೋಡಿಂಬಾಳ. ಅಲ್ಲಿಯ ತಂಡದ ನಾಯಕನಾಗಿದ್ದವನು ನನ್ನ ಸ್ವಂತ ಅಣ್ಣ ಜನಾರ್ದನ. ಆ ತಂಡವನ್ನು ಕೋಡಿಂಬಾಳದಿಂದ ಎಬ್ಬಿಸಿ ಕಬಕಕ್ಕೆ ಕಳುಹಿಸಿದವರೂ ಇದೇ ರೈಗಳು.

ಒಬ್ಬ ಮನುಷ್ಯನ ಇಪ್ಪತ್ತು ವರ್ಷವನ್ನು ತೂಗುವುದು ಹೇಗೆ, ನೀವೇ ಹೇಳಿ. ಅವರ ಕಾಲಕ್ಕೆ ಮುಂಚೆ ಹೊನಲು ಬೆಳಕಿನ ಪಂದ್ಯಾಟವೆಂದರೆ ಬೆಳಗಿನ ಜಾವದ ತನಕ ಗದ್ದಲ, ಕುಡಿತ, ಕೊನೆಗೆ ಹೊಡೆದಾಟ. ಮನೆಯ ಹೆಂಗಸರು ಅತ್ತ ತಲೆ ಹಾಕುತ್ತಿರಲಿಲ್ಲ. ರೈಗಳು ಒಂಬತ್ತೂವರೆಗೆ ದೀಪ ಆರಿಸುತ್ತೇನೆ ಎಂದರು, ಒಮ್ಮೆ ಫೈನಲಿನ ನಡುವೆಯೇ ಆರಿಸಿಯೂ ಬಿಟ್ಟರು. ಮರುದಿನ ಹಗಲಲ್ಲಿ ಉಳಿದ ಸೆಟ್ ಆಡಿಸಿದರು. ಆ ವರ್ಷದಿಂದ ಮುಂದಿನ ಸಾಲಿನ ಕುರ್ಚಿಗಳಲ್ಲಿ ಅಜ್ಜಿಯಂದಿರು ಎಲೆ ಅಡಿಕೆ ಚೀಲ ಹಿಡಿದು ಕುಳಿತುಕೊಳ್ಳತೊಡಗಿದರು. ಸೋತ ತಂಡ ಮುಂದಿನ ಪಂದ್ಯಕ್ಕೆ ಗೆರೆಯ ಬಳಿ ಬಾವುಟ ಹಿಡಿದು ನಿಲ್ಲಬೇಕೆಂಬ ನಿಯಮವೂ ಅವರದೇ. ಸಿಟ್ಟಿನಲ್ಲಿ ಹೊರಟವನು ನಿಂತು ಇನ್ನೊಬ್ಬರ ಚೆಂಡು ಒಳಗೋ ಹೊರಗೋ ಎಂದು ನ್ಯಾಯ ಹೇಳುವಷ್ಟರಲ್ಲಿ ಅರ್ಧ ತಣ್ಣಗಾಗಿರುತ್ತಿದ್ದ. ಉದ್ಘಾಟನೆಗೆ ಬಂದ ಪುಢಾರಿಗಳಿಗೆ ಎರಡೇ ನಿಮಿಷ. ಮೂರನೆಯ ನಿಮಿಷಕ್ಕೆ ರೆಫರಿ ಸೀಟಿ ಊದುತ್ತಿದ್ದ. ಈ ಒಂದು ಕಾರಣಕ್ಕೇ ಅವರಿಗೆ ನಾನು ಜೀವಮಾನವಿಡೀ ಋಣಿ.

ಹರಾಜನ್ನು ಬೈದವರು ಬಹಳ ಮಂದಿ. ಊರ ಹುಡುಗರನ್ನು ದನದಂತೆ ಕೂಗುವುದೇ ಎಂದು ನಾನೂ ಮೊದಲು ಮೂಗು ಮುರಿದವಳು. ಆದರೆ ರಬ್ಬರ್ ಟ್ಯಾಪಿಂಗಿಗೆ ಹೋಗುವವನೂ ರಿಕ್ಷಾ ಓಡಿಸುವವನೂ ಆಟದಿಂದ ಸಂಪಾದಿಸಿದ್ದೆಂದು ಮನೆಗೆ ಏನಾದರೂ ಒಯ್ದಾಗ, ಆಟ ಹಾಳು ಚಟವೆಂದು ಬೈಯುತ್ತಿದ್ದ ಅಪ್ಪಂದಿರ ಬಾಯಿ ಮುಚ್ಚಿತು. ಕಬಕದ ವಿಚಾರದಲ್ಲೂ ಅವರ ಯೋಚನೆ ಸುಳ್ಳಾಗಿರಲಿಲ್ಲ. ಅದು ಕೂಡುರಸ್ತೆಯ ಊರು, ಎಲ್ಲ ಕಡೆಯ ಬಸ್ಸು ಸಿಗುತ್ತದೆ. ಜನ ಬಂದರು, ಪ್ರಾಯೋಜಕರು ಬಂದರು, ಹಣವಿಲ್ಲದೆ ಮುಳುಗುತ್ತಿದ್ದ ಲೀಗು ಉಳಿಯಿತು. ಆದರೆ ನಮ್ಮೂರಿನವರು ರಜೆ ಹಾಕಿ, ಗುಡ್ಡ ಅಗೆದು, ಮಣ್ಣು ಹೊತ್ತು ಸಮತಟ್ಟು ಮಾಡಿದ ಮೈದಾನ ಖಾಲಿ ಬಿತ್ತು. ಸುದ್ದಿಯನ್ನು ರೈಗಳು ಫೋನಿನಲ್ಲಿ ಹೇಳಿದರು. ಅಣ್ಣ ಆಮೇಲೆ ಲೀಗಿನ ಒಂದು ಪಂದ್ಯಕ್ಕೂ ಕಾಲಿಡಲಿಲ್ಲ, ನಾನು ಮೈಕು ಹಿಡಿದ ಪಂದ್ಯಕ್ಕೂ ಬರಲಿಲ್ಲ. ಅದು ನನ್ನನ್ನು ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಿಲ್ಲ.

ಭಾಷಣ ಒಪ್ಪಿಕೊಂಡೆ ಎಂದು ತಿಳಿಸಲು ಅವನಿಗೆ ಫೋನ್ ಮಾಡಿದೆ.

“ಹೊಗಳು, ಬೇಡ ಹೇಳುದಿಲ್ಲ” ಎಂದ. “ಕೋಡಿಂಬಾಳದ ಹೆಸರು ಬರ್ತದಾ, ಇಲ್ವಾ?”

“ಸನ್ಮಾನದಲ್ಲಿ ಅದನ್ನೆಲ್ಲ ಹೇಳುದು ಹೇಗೆ ಅಣ್ಣ?”

“ಹಾಗಾದರೆ ನಮ್ಮ ಮೈದಾನ ಇರಲೇ ಇಲ್ಲ ಅಂತ ಆಯ್ತಲ್ಲ” ಎಂದು ಫೋನ್ ಇಟ್ಟ.

ಆ ಮಾತು ನನ್ನನ್ನು ನಿದ್ದೆಯಲ್ಲೂ ಬಿಡಲಿಲ್ಲ. ಹೇಳಿದರೆ ಮೈಕು ಕೊಟ್ಟ ಹಿರಿಯರನ್ನು ಅವರದೇ ಸಭೆಯಲ್ಲಿ ನೋಯಿಸಿದಂತೆ, ಹೇಳದಿದ್ದರೆ ಅಣ್ಣನನ್ನು ಶಾಶ್ವತವಾಗಿ ಕಳೆದುಕೊಂಡಂತೆ. ಆದರೂ ಒಂದು ಯೋಚನೆ ಬಂತು: ತಪ್ಪನ್ನೆಲ್ಲ ತೊಳೆದುಬಿಟ್ಟರೆ ವೇದಿಕೆಯ ಮೇಲೆ ಉಳಿಯುವವರು ಈ ರೈಗಳಲ್ಲ, ಯಾವ ಸಭೆಗೂ ಹೊಂದುವ ಒಬ್ಬ ಹೆಸರಿಲ್ಲದ ಮಹನೀಯರು. ಇಪ್ಪತ್ತು ವರ್ಷ ದುಡಿದವರಿಗೆ ಅದು ಗೌರವವೇ?

ಪುತ್ತೂರಿನ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ದೀಪ, ಬಾವುಟ, ಸೀಟಿ, ಹರಾಜು. ಅಜ್ಜಿಯಂದಿರ ಮಾತಿಗೆ ಜನ ನಕ್ಕರು. ಆಮೇಲೆ ಹೇಳಿದೆ: “ಲೀಗನ್ನು ಉಳಿಸಲು ರೈಗಳು ಕೋಡಿಂಬಾಳದ ತಂಡವನ್ನು ಕಬಕಕ್ಕೆ ಕೊಟ್ಟರು. ಲೀಗು ಉಳಿಯಿತು. ಕೋಡಿಂಬಾಳದವರು ಅದರ ಬೆಲೆ ತೆತ್ತರು, ಇನ್ನೂ ನೋಯುತ್ತಿದ್ದಾರೆ. ಈ ಅಭಿನಂದನೆಯಲ್ಲಿ ಅವರಿಗೂ ಪಾಲು ಸಲ್ಲಬೇಕು.” ಸಂಘಟಕರು ನೆಲ ನೋಡಿದರು.

ರೈಗಳು ಉತ್ತರಿಸಲು ಎದ್ದಾಗ ಮಂಡಿ ಹಿಡಿದುಕೊಂಡೇ ನಿಂತರು. “ಟೀಚರ್ ಹೇಳಿದ್ದು ಸತ್ಯ. ತಂಡ ಕಳಿಸಿದ್ದು ತಪ್ಪಲ್ಲ, ಇವತ್ತೂ ಅದನ್ನೇ ಮಾಡ್ತೇನೆ. ಆದರೆ ಫೋನಿನಲ್ಲಿ ಹೇಳಿದೆ ನೋಡಿ, ಅದು ತಪ್ಪು. ಮುಖ ನೋಡಿ ಹೇಳುವ ಧೈರ್ಯ ಇರ್ಲಿಲ್ಲ ನನಗೆ” ಎಂದು ಕುಳಿತುಬಿಟ್ಟರು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚಿದ್ದರು. ಮರುದಿನ ಬೆಳಿಗ್ಗೆಯೇ ಅಣ್ಣನ ಫೋನು. “ಭಾನುವಾರ ಅವರನ್ನು ಮನೆಗೆ ಕರ್ಕೊಂಡು ಬಾ. ನನಗೆ ಬೈಯ್ಲಿಕ್ಕೆ ಉಂಟು. ಊಟ ಆದ ಮೇಲೆ ಬೈತೇನೆ, ಹೆದರ್ಬೇಡಿ ಅಂತ ಹೇಳು.”

ಹೋದೆವು. ಅತ್ತಿಗೆ ನೀರುದೋಸೆ, ಕೋಳಿ ಪದಾರ್ಥ ಮಾಡಿದ್ದಳು. ಊಟವಾಯಿತು, ಬೈಗುಳವೂ ಆಯಿತು. ಅಣ್ಣ ಎಷ್ಟೋ ವರ್ಷ ಕೂಡಿಟ್ಟದ್ದನ್ನೆಲ್ಲ ಹೊರಗೆ ಹಾಕಿದ, ರೈಗಳು ಒಂದಕ್ಕೂ ಎದುರಾಡಲಿಲ್ಲ. ಎಲ್ಲ ಮುಗಿದ ಮೇಲೆ ಅವರು ಅಂಗಳದಾಚೆ ನೋಡುತ್ತ ಮೆಲ್ಲಗೆ ಹೇಳಿದರು:

“ಇಲ್ಲಿ ಒಂದು ಪಂದ್ಯ ಆದರೂ ಕೊಡ್ಬೇಕಿತ್ತು ಜನಾರ್ದನ. ಈಗ ಎಂತ ಮಾಡುದು, ನನ್ನ ಕೈಯಲ್ಲಿ ಅಧಿಕಾರ ಇಲ್ಲ.”

“ಅದು ಗೊತ್ತುಂಟು ನನಗೆ” ಎಂದ ಅಣ್ಣ. “ಅಧಿಕಾರ ಇರುವಾಗ ನಿಮ್ಮನ್ನು ಊಟಕ್ಕೆ ಕರೆದಿದ್ದರೆ, ಪಂದ್ಯ ಕೇಳ್ಲಿಕ್ಕೆ ಕರೆದ ಹಾಗೆ ಆಗ್ತಿತ್ತು ಮಾರಾಯ್ರೆ.”